ಸೊಸೆಯ ಕಾರ್ಡು, ಮಾವನ ಮಂದೆ

ಸೌಮ್ಯ ಮದುವೆಯಾಗಿ ಮಾಂಬಳ್ಳಿಗೆ ಬಂದಾಗ ತವರಿನ ಟೆಂಪೋದಲ್ಲಿ ಬೀರು, ಮಂಚ, ಮಿಕ್ಸಿ, ಹದಿನೆಂಟು ಸ್ಟೀಲ್ ಡಬ್ಬಿಗಳ ಜೊತೆಗೆ ಒಂದು ಗೇಮಿಂಗ್ ಕಂಪ್ಯೂಟರೂ ಬಂದಿತ್ತು. ಒಂದು ಪಕ್ಕ ಪೂರ್ತಿ ಗಾಜಿದ್ದ ಆ ಕರಿ ಪೆಟ್ಟಿಗೆಯನ್ನು ಇಳಿಸುವಾಗ, ಇದು ಮೀನು ಬಿಡುವ ತೊಟ್ಟಿಯೋ ದೇವರನ್ನಿಡುವ ಮಂಟಪವೋ ಎಂದು ನೆಂಟರಲ್ಲಿ ಎರಡು ಪಕ್ಷವಾಯಿತು. ಒಳಗೆ ಕೆಂಪು, ನೀಲಿ ದೀಪ ಹತ್ತಿಕೊಂಡ ಮೇಲೆ ಮಂಟಪದ ಪಕ್ಷ ಗೆದ್ದಿತು. ಅದರ ಮುಂದೆ ಕೂತು ಹೊಸ ಸೊಸೆ ದಿನಕ್ಕೆ ಇಪ್ಪತ್ತು ಮೂವತ್ತು ಜನರನ್ನು ಗುಂಡಿಟ್ಟು ಉರುಳಿಸುತ್ತಾಳೆ ಎಂದು ಯಾರೂ ಊಹಿಸಲಿಲ್ಲ. ಊಹಿಸಿದ್ದರೆ ಹೆಣ್ಣು ನೋಡುವ ದಿನವೇ ಅದೂ ಒಂದು ಪ್ರಶ್ನೆಯಾಗಿ ಬರುತ್ತಿತ್ತು.

ಸೌಮ್ಯ ಕೊಳ್ಳೇಗಾಲದ ದಿನಸಿ ವ್ಯಾಪಾರಿಯ ಮಗಳು. ಯಳಂದೂರಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಾಳೆ. ಹತ್ತರಿಂದ ನಾಲ್ಕರವರೆಗೆ ಟೈಪಿಂಗ್ ಕಲಿಸಿ, ಮನೆಗೆ ಬಂದು ಅತ್ತೆಯ ಜೊತೆ ಅಡುಗೆ ಕೆಲಸ ಮುಗಿಸಿ, ಒಂದು ಗಂಟೆ ಆಟಕ್ಕೆ ಕೂರುವುದು ಅವಳ ಪದ್ಧತಿ. ನಾಲ್ಕು ಜನ ಹೆಂಗಸರ ತಂಡ ಅವರದು. ಹನೂರಿನ ನರ್ಸ್ ಪುಷ್ಪ ಅವಳ ಬಲಗೈ. ಆದರೆ ತಂಡದವರೆಲ್ಲ ಈಚೆಗೆ ಹಿಡಿದ ಹೊಸ ಆಟ ಸೌಮ್ಯಳ ಹಳೆಯ ಗ್ರಾಫಿಕ್ಸ್ ಕಾರ್ಡಿಗೆ ಭಾರವಾಗಿತ್ತು. ಪರದೆಯ ಮೇಲೆ ಚಿತ್ರ ಬಿಡಿಸಿಕೊಡುವುದೇ ಆ ಕಾರ್ಡಿನ ಕೆಲಸ. ಅದು ಶತ್ರುವಿನ ಮುಖ ಬಿಡಿಸುವಷ್ಟರಲ್ಲಿ ಶತ್ರು ಇವಳನ್ನು ಹೊಡೆದು ಮುಂದಕ್ಕೆ ಹೋಗಿರುತ್ತಿದ್ದ. ಡಾಕ್ಟರು ಕೈ ತೊಳೆದು ಬರುವಷ್ಟರಲ್ಲಿ ಪೇಷಂಟು ಹೋಗಿಬಿಟ್ಟ ಹಾಗೆ ಆಯಿತು ನಿನ್ನ ಆಟ ಎಂದು ಪುಷ್ಪ ಫೋನಿನಲ್ಲಿ ನಗುತ್ತಿದ್ದಳು. ಸೌಮ್ಯಳಿಗೆ ಮಾತ್ರ ನಗು ಬರುತ್ತಿರಲಿಲ್ಲ. ಹದಿನಾಲ್ಕು ತಿಂಗಳಿಂದ ಸಂಬಳದಲ್ಲಿ ಉಳಿಸಿ, ದೀಪಾವಳಿಯ ಸೀರೆಯನ್ನೂ ಬೇಡವೆಂದು, ಕೊನೆಗೂ ಒಂದು ಹೊಸ ಕಾರ್ಡಿಗೆ ಆಗುವಷ್ಟು ಮಾಡಿಕೊಂಡಿದ್ದಳು. ಒಂದಕ್ಕೆ ಮಾತ್ರ.

ಆ ಹೊತ್ತಿಗೆ ಸರಿಯಾಗಿ ಅಡ್ಡ ಬಂದದ್ದು ಮಾವನ ಮಂದೆ.

ಮಾವ ಸದಾಶಿವಪ್ಪನವರು ಅರವತ್ತಾರು ವರ್ಷದ ಗಟ್ಟಿ ಆಳು. ಏಳು ಎಕರೆ ಗದ್ದೆ, ಎರಡು ಎಕರೆ ತೆಂಗು. ಈಗ ಅದನ್ನೆಲ್ಲ ಮಗ ಉದಯಕುಮಾರ್ ಟ್ರ್ಯಾಕ್ಟರ್ ಇಟ್ಟುಕೊಂಡು ನೋಡಿಕೊಳ್ಳುತ್ತಾನೆ. ಎಂಟು ತಿಂಗಳ ಹಿಂದೆ ಒಂದು ಭಾನುವಾರ ಸೌಮ್ಯ ಯಾವುದೋ ರಿಯಾಯಿತಿಯಲ್ಲಿ ಸಿಕ್ಕ ವ್ಯವಸಾಯದ ಆಟವನ್ನು ಸುಮ್ಮನೆ ಹಾಕಿ ನೋಡುತ್ತಿದ್ದಳು. ಮೊಬೈಲ್ ಚಾರ್ಜಿಗಿಡಲು ಬಂದ ಮಾವ ಪರದೆಯ ಮೇಲೆ ಟ್ರ್ಯಾಕ್ಟರ್ ಉಳುವುದನ್ನು ಕಂಡು ನಿಂತರು. ಅವಳ ಸಾಲು ಸೊಟ್ಟಗೆ ಹೋಗುತ್ತಿತ್ತು. ಎರಡು ಸಾಲು ತಡೆದುಕೊಂಡರು, ಮೂರನೆಯದಕ್ಕೆ ಆಗಲಿಲ್ಲ. "ಇತ್ಲಾಗ್ ಕೊಡವ್ವ ಒಸಿ" ಎಂದು ಕುರ್ಚಿಗೆ ಕೂತವರು ಆ ಒಂದು ಸಾಲನ್ನು ನೇರ ಮಾಡುವುದಕ್ಕೆಂದು ಕೂತದ್ದು. ಮೂರು ತಿಂಗಳಲ್ಲಿ ನಲವತ್ತು ಎಕರೆ, ಮೂರು ಟ್ರ್ಯಾಕ್ಟರ್, ಎರಡು ದೊಡ್ಡ ಕೊಟ್ಟಿಗೆಯ ಯಜಮಾನರಾಗಿದ್ದರು.

ಆಟವನ್ನು ಮಾಡಿದವರು ಯಾವ ದೇಶದವರೋ, ಸದಾಶಿವಪ್ಪನವರು ಅದನ್ನು ಮಾಂಬಳ್ಳಿಯ ಕಟ್ಟುಕಟ್ಟಳೆಗೆ ತಂದರು. ಬೆಳಿಗ್ಗೆ ಸೊಸೆ ಕೆಲಸಕ್ಕೆ ಹೊರಟ ಮೇಲೆ ಕಾಲು ತೊಳೆದು, ಕಂಪ್ಯೂಟರಿನ ಪೆಟ್ಟಿಗೆಗೆ ಮೂರು ಬೆರಳಿನ ವಿಭೂತಿ ಎಳೆದು ಕೂರುವುದು. ಆಟದೊಳಗೆ ಕೂಲಿಗೆ ಸಿಗುವ ಆಳುಗಳು ನಿಜವಾದ ಮನುಷ್ಯರಲ್ಲ, ದಿನವಿಡೀ ಬಿಡುವಿಲ್ಲದೆ ದುಡಿಯುವ ಗೊಂಬೆಗಳು. ಆದರೂ ಹನ್ನೊಂದಕ್ಕೆ ಒಂದು ಸಲ, ಮೂರೂವರೆಗೆ ಒಂದು ಸಲ ಟೀಗೆಂದು ಅವರನ್ನು ನಿಲ್ಲಿಸುತ್ತಿದ್ದರು. ಸೋಮವಾರ ಬಸವಣ್ಣನ ದಿನ, ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ. ಆಟದಲ್ಲಿ ಎತ್ತೇ ಇಲ್ಲವಲ್ಲಪ್ಪ, ಇರುವುದು ಟ್ರ್ಯಾಕ್ಟರಲ್ಲವೇ ಎಂದು ಉದಯ ಒಮ್ಮೆ ಕೇಳಿದ್ದಕ್ಕೆ, ನಿನ್ನ ಟ್ರ್ಯಾಕ್ಟರ್ ಹೇಗಾದರೂ ಹಾಳಾಗಿ ಹೋಗಲಿ, ನನ್ನದು ಸೋಮವಾರ ಕಟ್ಟಿದ ಕಡೆಯೇ ಇರುತ್ತದೆ ಎಂದಿದ್ದರು. ಸೋಮವಾರ ಅವರು ಆ ಕೋಣೆಯ ಹೊಸಿಲೂ ತುಳಿಯುತ್ತಿರಲಿಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಕಟ್ಟಳೆ ಇನ್ನೊಂದು. ಸದಾಶಿವಪ್ಪನವರು ದನ ಮಾರುವುದಿಲ್ಲ. ಅದೇ ಆಟವನ್ನು ಆಡುವ ಲೋಕದ ಉಳಿದ ಜನ ಕರು ದೊಡ್ಡದಾದರೆ ಮಾರುತ್ತಾರೆ, ಮುದಿಯಾದರೆ ಮಾರುತ್ತಾರೆ, ಮಾರಿ ಬಂದ ದುಡ್ಡಿನಲ್ಲಿ ಹೊಸ ಯಂತ್ರ ಕೊಳ್ಳುತ್ತಾರೆ. ಆಟ ನಡೆಯುವುದೇ ಹಾಗೆ. ಇವರು ಹೊತ್ತು ಹೊತ್ತಿಗೆ ಮೇವು ಹಾಕಿ, ನೀರು ತೋರಿಸಿ, ಕೊಟ್ಟಿಗೆ ಬಳಿಸಿ ಎಷ್ಟು ಚೆನ್ನಾಗಿ ನೋಡಿಕೊಂಡರೆಂದರೆ ಹಸುಗಳು ತಡೆಯಿಲ್ಲದೆ ಈದವು. ಹನ್ನೆರಡು ಇದ್ದದ್ದು ನೂರ ಅರವತ್ತಮೂರು ಆಯಿತು. ಒಂದೊಂದಕ್ಕೂ ಹೆಸರಿತ್ತು. ದೇವರ ಹೆಸರುಗಳು ಮುಗಿದ ಮೇಲೆ ನದಿಗಳ ಹೆಸರು, ನದಿಗಳು ಮುಗಿದ ಮೇಲೆ ನೆಂಟರ ಹೆಸರು. ತನ್ನ ಅಕ್ಕ ದೊಡ್ಡಬಸಮ್ಮನ ಹೆಸರನ್ನು ಹಾಯುವ ಹಸುವೊಂದಕ್ಕೆ ಇಟ್ಟಿದ್ದಾರೆ ಎಂದು ತಿಳಿದು ಅತ್ತೆ ಪುಟ್ಟಬಸಮ್ಮ ಎರಡು ದಿನ ಮಾತು ಬಿಟ್ಟಿದ್ದರು. ಆಮೇಲೆ, ತನ್ನ ಹೆಸರಿನದು ಒಂದೂ ಇಲ್ಲವೆಂದು ತಿಳಿದು ಇನ್ನೂ ಎರಡು ದಿನ ಬಿಟ್ಟರು. ಬೆಳಿಗ್ಗೆ ಹಾಲಿನ ಪ್ಯಾಕೆಟ್ಟಿನ ತುದಿ ಕತ್ತರಿಸುವಾಗಲೆಲ್ಲ ಆಕೆ ಗೋಡೆಗೆ ಹೇಳುವಂತೆ ಹೇಳುತ್ತಿದ್ದ ಒಂದು ಮಾತಿತ್ತು.

"ಮನೇಲಿ ನೂರರವತ್ಮೂರು ಅಸ ಅವೆ. ಕಾಪಿಗೆ ಪಾಕೀಟ್ ಆಲು."

ಈ ಮಂದೆ ದೊಡ್ಡದಾಗುತ್ತಿದ್ದ ಹಾಗೆ ಆಟ ತೆವಳಲು ಶುರುವಾಯಿತು. ಹಸು ಎತ್ತಿದ ಕಾಲನ್ನು ಕೆಳಗಿಡುವಷ್ಟರಲ್ಲಿ ಇವರು ಅರ್ಧ ಲೋಟ ಕಾಫಿ ಕುಡಿಯುತ್ತಿದ್ದರು. ಟ್ರ್ಯಾಕ್ಟರ್ ಒಂದು ಮಾರು ಹೋಗಿ ನಿಲ್ಲುವುದು, ಯೋಚನೆ ಮಾಡಿ ಇನ್ನೊಂದು ಮಾರು ಹೋಗುವುದು. ಸದಾಶಿವಪ್ಪನವರು ಮೊದಲು ಡೀಸೆಲ್ ಮೇಲೆ ಅನುಮಾನಪಟ್ಟರು, ಆಮೇಲೆ ಗೇರಿನ ಮೇಲೆ, ಕೊನೆಗೆ ಸೊಸೆಯನ್ನು ಕೇಳಿದರು.

ಸೌಮ್ಯ ಒಂದು ಕ್ಷಣವೂ ಯೋಚಿಸದೆ ಗ್ರಾಫಿಕ್ಸ್ ಕಾರ್ಡ್ ಹಳೆಯದಾಗಿದೆ ಮಾವ, ಅದನ್ನು ಬದಲಾಯಿಸಿದರೆ ಎಲ್ಲ ಸರಿಹೋಗುತ್ತದೆ ಎಂದುಬಿಟ್ಟಳು. ತರಬೇತಿ ಕೇಂದ್ರದಲ್ಲಿ, ಯಂತ್ರ ನಿಧಾನವಾದರೆ ಯಾವ ಭಾಗಕ್ಕೆ ಹೊರೆ ಜಾಸ್ತಿಯಾಗಿದೆ ಎಂದು ಹೇಗೆ ನೋಡಬೇಕು ಎಂಬುದನ್ನು ವಾರಕ್ಕೆ ಒಂದು ಸಲ ಮಕ್ಕಳಿಗೆ ಪಾಠ ಮಾಡುವವಳು ಇವಳೇ. ಎರಡು ಗುಂಡಿ ಒತ್ತಿದ್ದರೆ ಗೊತ್ತಾಗುತ್ತಿತ್ತು. ಒತ್ತಲಿಲ್ಲ. ಕಾರ್ಡು ಬೇಕಾಗಿತ್ತು, ಅದಕ್ಕೆ ಮಾವನ ಒಪ್ಪಿಗೆಯೂ ತಾನಾಗಿ ಸಿಗುವುದಾದರೆ ನೋಡುವುದೇನಿದೆ ಎಂದು ಅವಳ ಲೆಕ್ಕ. ನಾವೆಲ್ಲರೂ ಆಗಾಗ ಮಾಡುವುದೇ ಇದು, ಅವಳೊಬ್ಬಳನ್ನು ಅಂದು ಪ್ರಯೋಜನವಿಲ್ಲ.

ಆದರೆ ಸದಾಶಿವಪ್ಪನವರು ಒಬ್ಬರ ಮಾತಿನ ಮೇಲೆ ಏನನ್ನೂ ಕೊಂಡವರಲ್ಲ. ಟೀ ಅಂಗಡಿಯ ಮುಂದೆ ವಿಷಯ ಎತ್ತಿದರು. ಪಕ್ಕದ ಮನೆಯ ಶಿವನಂಜಯ್ಯ ಆಟದ ಹಸು ಬಿಡಿ, ಕಂಪ್ಯೂಟರನ್ನೂ ಹತ್ತಿರದಿಂದ ಕಂಡವರಲ್ಲ. ಅವರು ಮಾತ್ರ ತಮ್ಮ ಬೋರ್‌ವೆಲ್ಲಿನ ಅನುಭವದಿಂದ, ನೀರು ಬರದಿದ್ದರೆ ಪೈಪು ಬದಲಾಯಿಸಿ ಏನು ಬಂತು, ಮೋಟಾರು ಬದಲಾಯಿಸು ಎಂದು ಖಡಾಖಂಡಿತವಾಗಿ ಹೇಳಿದರು. ಮೋಟಾರು ಎಂದರೆ ಯಾವುದು ಎಂದು ಕೇಳಿದ್ದಕ್ಕೆ, ಪ್ರೊಸೆಸರ್ ಎಂಬುದೊಂದು ಇರುತ್ತದೆ, ಅದೇ ಇಡೀ ಕಂಪ್ಯೂಟರಿನ ತಲೆ ಎಂದು ಯಾರೋ ಕಾಲೇಜು ಓದಿದವರು ಹೇಳಿದರು. ಅಷ್ಟಾದದ್ದೇ ತಡ, ಊರಲ್ಲಿ ಕಾರ್ಡಿನವರು, ಪ್ರೊಸೆಸರಿನವರು ಎಂದು ಎರಡು ಗುಂಪಾಯಿತು. ಎರಡನ್ನೂ ಕಂಡವರು ಯಾವ ಗುಂಪಿನಲ್ಲೂ ಇರಲಿಲ್ಲ. ಸದಾಶಿವಪ್ಪನವರು ಕೊನೆಗೆ, ಪೆಟ್ಟಿಗೆಯನ್ನೇ ಕೊಳ್ಳೇಗಾಲಕ್ಕೆ ಹೊತ್ತುಕೊಂಡು ಹೋಗಿ ತೋರಿಸುವುದೆಂದು ತೀರ್ಮಾನಿಸಿದರು.

ಶನಿವಾರ ಮಾವ ಸೊಸೆ ಇಬ್ಬರೂ ಬಸ್ಸಿನಲ್ಲಿ ಹೊರಟರು. ಪೆಟ್ಟಿಗೆಗೆ ಹೊಸ ಪಂಚೆ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಕೂತ ಮಾವ, ರಸ್ತೆಯ ಪ್ರತಿ ಗುಂಡಿಗೂ ಅದನ್ನು ಎದೆಗೆ ಅಪ್ಪಿಕೊಳ್ಳುತ್ತಿದ್ದರು. ದೇವರನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೀರಿ ಎಂದು ಪಕ್ಕದ ಹೆಂಗಸು ಕೈಮುಗಿದು ಕೇಳಿದಳು. ರಿಪೇರಿಗೆ ಎಂದರು ಸದಾಶಿವಪ್ಪನವರು. ಆಕೆ ಮುಗಿದ ಕೈ ಇಳಿಸಿದಳು.

ಕೊಳ್ಳೇಗಾಲದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಮಣಿಕಂಠ ಸೌಮ್ಯಳಿಗಿಂತ ಎರಡು ವರ್ಷ ಚಿಕ್ಕವನು, ಅದೇ ಕಾಲೇಜಿನಲ್ಲಿ ಓದಿದವನು. ಗಾಜಿನ ಪಕ್ಕ ಬಿಚ್ಚಿ ಊದಿದ. ಬಿಳಿ ಹೊಗೆಯಂತೆ ಏನೋ ಎದ್ದು ಅವನ ಮುಖ, ಮೀಸೆ, ಅಂಗಿಯ ಮೇಲೆಲ್ಲ ಕೂತಿತು. ಎಂಟು ತಿಂಗಳ ವಿಭೂತಿ. ಫ್ಯಾನಿನ ರೆಕ್ಕೆಗಳ ಮೇಲೆ ಒಂದೊಂದು ಪದರ ಗಟ್ಟಿಯಾಗಿತ್ತು. ಅವನು ಸೀನುತ್ತಾ ಬ್ರಷ್ ಹಾಕಿ ತೆಗೆದು, ಇನ್ನು ಮೇಲೆ ಪೂಜೆಯನ್ನು ಮೇಜಿಗೆ ಮಾಡಿ ಯಜಮಾನರೇ, ಪೆಟ್ಟಿಗೆಗೆ ಬೇಡ ಎಂದ. ಆದರೂ ಆಟ ತೆವಳುವುದು ನಿಲ್ಲಲಿಲ್ಲ. ಆಗ ಅವನು, ಸೌಮ್ಯ ಮನೆಯಲ್ಲಿ ಒತ್ತದೆ ಬಿಟ್ಟಿದ್ದ ಆ ಎರಡು ಗುಂಡಿಗಳನ್ನು ಒತ್ತಿದ.

ಪರದೆಯ ಮೂಲೆಯಲ್ಲಿ ಎರಡು ಗೆರೆ ಬಂದವು. ಒಂದು ಮೇಲ್ಗಡೆ ಅಂಚಿಗೆ ಅಂಟಿಕೊಂಡು ನಿಂತಿತ್ತು. ಅದು ಪ್ರೊಸೆಸರ್, ಪೂರ್ತಿ ನೂರಕ್ಕೆ ನೂರು ದುಡಿಯುತ್ತಿದೆ, ಉಸಿರಾಡಲೂ ಪುರುಸೊತ್ತಿಲ್ಲ ಎಂದ ಮಣಿಕಂಠ. ಇನ್ನೊಂದು ಕೆಳಗೆ ತಳದ ಹತ್ತಿರ ಮಲಗಿತ್ತು. ಅದು ಗ್ರಾಫಿಕ್ಸ್ ಕಾರ್ಡ್, ನೂರಕ್ಕೆ ಇಪ್ಪತ್ತು. ಪ್ರೊಸೆಸರ್ ಲೆಕ್ಕ ಹಾಕಿ ಕೊಟ್ಟದ್ದನ್ನು ಕಾರ್ಡು ಚಿತ್ರ ಬಿಡಿಸಬೇಕು, ಅವನು ಕೊಡುವ ತನಕ ಇವನಿಗೆ ಕೆಲಸವಿಲ್ಲ. ಸದಾಶಿವಪ್ಪನವರು ಎರಡು ಗೆರೆಗಳನ್ನೂ ಬಹಳ ಹೊತ್ತು ನೋಡಿದರು.

"ಇದು ನಾಟಿ ಗದ್ದೆ ಕತೆ ಕಣವ್ವ," ಎಂದರು ಸೊಸೆಗೆ. "ಪೈರು ಕೀಳೋನು ಒಬ್ನೆ. ನಾಟಿ ಹಾಕೋ ಎಂಗಸ್ರು ಇಪ್ಪತ್ತು ಜನ. ಅವ್ನು ಕಿತ್ತು ಕೊಡಗಂಟ ಇವ್ರು ಬದಿನ ಮ್ಯಾಲೆ ಕುಂತು ಎಲೆಅಡಿಕೆ ಆಕತಾವ್ರೆ. ಈಗ ಇನ್ನತ್ತು ಎಂಗಸ್ರ ಕರ್ಕಂಡ್ ಬಂದ್ರೆ ಏನಾದದು? ಎಲೆಅಡಿಕೆ ಜಾಸ್ತಿ ಖರ್ಚಾಯ್ತದೆ."

ಇಷ್ಟು ವರ್ಷ ಪಾಠ ಮಾಡಿದರೂ ಇಷ್ಟು ಸಲೀಸಾಗಿ ಈ ವಿಷಯವನ್ನು ತಾನು ಯಾರಿಗೂ ಹೇಳಿಲ್ಲ ಎಂದು ಸೌಮ್ಯಳಿಗೆ ಅನ್ನಿಸಿತು. ಆ ಮೆಚ್ಚುಗೆಯ ಹಿಂದೆಯೇ ದುಡ್ಡಿನ ಲೆಕ್ಕ ನೆನಪಾಯಿತು. ಅವಳ ಹೊಸ ಆಟಕ್ಕೆ ಕಾರ್ಡು ಬೇಕು, ಮಾವನ ಮಂದೆಗೆ ಪ್ರೊಸೆಸರ್ ಬೇಕು. ಕೈಯಲ್ಲಿರುವುದು ಒಂದಕ್ಕೆ.

ಈ ಪ್ರೊಸೆಸರಿಗೆ ಇಷ್ಟೊಂದು ಹೊರೆ ಎಲ್ಲಿಂದ ಬಂತು ಎಂದು ಮಣಿಕಂಠ ಆಟದೊಳಗೆ ಹುಡುಕಿ ಕೊಟ್ಟಿಗೆಗೆ ಬಂದ. ಪಟ್ಟಿ ಇಳಿಸುತ್ತಾ ಹೋದ, ಅದು ಮುಗಿಯಲೊಲ್ಲದು. ಒಂದೊಂದು ಹಸುವಿನ ಹಸಿವು, ದಾಹ, ಬಸಿರು, ಸಗಣಿ ಎಲ್ಲವನ್ನೂ ಗಳಿಗೆ ಗಳಿಗೆಗೂ ಪ್ರೊಸೆಸರೇ ಲೆಕ್ಕ ಇಡಬೇಕು, ಅದಕ್ಕೇ ಸುಸ್ತಾಗಿದೆ ಎಂದು ವಿವರಿಸಿದ. ಖುಷಿಯಿಂದ ಒಂದು ಉಪಾಯವನ್ನೂ ಹೇಳಿದ. ನೂರಿಪ್ಪತ್ತು ಹಸು ಮಾರಿಬಿಡಿ, ಏನನ್ನೂ ಕೊಳ್ಳಬೇಕಾಗಿಲ್ಲ, ಆಟ ನೀರಿನಂತೆ ಓಡುತ್ತದೆ.

"ಮಾರಾಕಾಗಲ್ಲ," ಎಂದರು ಸದಾಶಿವಪ್ಪನವರು. ಪಂಚೆ ಬಿಡಿಸಿ ಪೆಟ್ಟಿಗೆಗೆ ಮತ್ತೆ ಸುತ್ತತೊಡಗಿದರು.

ವಾಪಸು ಬರುವ ಬಸ್ಸಿನಲ್ಲಿ ಅವರು ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದರು. ಬಸ್ಸು ಕೊಳ್ಳೇಗಾಲ ದಾಟಿದ ಮೇಲೆ, ದುಡ್ಡು ನಿನ್ನದು, ನೀನು ಆಸೆಪಟ್ಟು ಕೂಡಿಟ್ಟದ್ದು, ನಿನ್ನ ಕಾರ್ಡನ್ನೇ ತಗೋ ಎಂದು ತಾವಾಗಿ ಹೇಳಿದರು. ತಾನು ಹೇಗೋ ನಿಧಾನಕ್ಕೆ ನಡೆಸಿಕೊಂಡು ಹೋಗುವುದಾಗಿಯೂ ಹೇಳಿದರು. ಅದರಲ್ಲಿ ಕೊಂಕಿರಲಿಲ್ಲ, ಮುನಿಸೂ ಇರಲಿಲ್ಲ. ಇದ್ದಿದ್ದರೆ ಸೌಮ್ಯ ನಿಶ್ಚಿಂತೆಯಿಂದ ಕಾರ್ಡು ತಂದುಕೊಳ್ಳುತ್ತಿದ್ದಳು. ಹಾಗೆ ಬಿಟ್ಟುಕೊಟ್ಟದ್ದರಿಂದಲೇ ಅವಳಿಗೆ ಕಷ್ಟವಾಯಿತು.

ಭಾನುವಾರವೆಲ್ಲ ಯೋಚಿಸಿದಳು. ಸೋಮವಾರ ಸಂಜೆ ಕೆಲಸದಿಂದ ಬಂದಾಗ ಒಂದು ದಾರಿ ಹೊಳೆಯಿತು. ಮಾವ ತಾವಾಗಿ ಮಾರಲಾರರು, ಮಾರುವುದು ಅವರಿಗೆ ಸಂಕೋಚ. ಅವರ ಕೈಯಿಂದ ಆಗದ ಕೆಲಸವನ್ನು ತಾನು ಮಾಡಿಕೊಟ್ಟರೆ? ನಾಳೆ ಬಂದು ನೋಡಿದಾಗ ಟ್ರ್ಯಾಕ್ಟರ್ ಸರಾಗವಾಗಿ ಓಡುತ್ತಿರುತ್ತದೆ, ನಲವತ್ತಮೂರು ಹಸು ಉಳಿದೇ ಇರುತ್ತವೆ, ಅಷ್ಟು ಸಾಲದೇ? ಎಷ್ಟಾದರೂ ಆಟ. ಇದರಲ್ಲಿ ಸ್ವಾರ್ಥ ಎಷ್ಟು, ಉಪಕಾರ ಎಷ್ಟು ಎಂದು ಅವಳು ಬಿಡಿಸಿ ನೋಡಲು ಹೋಗಲಿಲ್ಲ. ಸೋಮವಾರವಾದ್ದರಿಂದ ಮಾವ ಈ ಕಡೆಗೆ ಬರುವ ಭಯವೂ ಇರಲಿಲ್ಲ. ಪಟ್ಟಿಯಲ್ಲಿ ನೂರಿಪ್ಪತ್ತು ಹಸುಗಳನ್ನು ಗುರುತು ಮಾಡಿ ಮಾರು ಎಂದು ಒತ್ತಿದಳು. ಎರಡು ಗಳಿಗೆಯಲ್ಲಿ ಕೊಟ್ಟಿಗೆ ಮುಕ್ಕಾಲು ಖಾಲಿಯಾಯಿತು. ಟ್ರ್ಯಾಕ್ಟರ್ ಚಾಲೂ ಮಾಡಿ ನೋಡಿದಳು, ಎಲ್ಲೂ ತಡೆಯದೆ ಸೊಗಸಾಗಿ ಓಡಿತು. ಆಗಲೇ ಮಣಿಕಂಠನಿಗೆ ಫೋನ್ ಮಾಡಿ, ಕಾರ್ಡು ತರಿಸು, ಬುಧವಾರ ಬಂದು ತೆಗೆದುಕೊಳ್ಳುತ್ತೇನೆ ಎಂದಳು. ಪುಷ್ಪಳಿಗೂ ಹೇಳಿದಳು. ಆ ದಿನ ಅವಳು ಮಾಡಿದ ಸಾರಿಗೆ ಉಪ್ಪು ಸರಿಯಾಗಿ ಬಿದ್ದಿತ್ತು ಎಂದು ಉದಯನೇ ಹೇಳಿದ.

ಮಂಗಳವಾರ ಬೆಳಿಗ್ಗೆ, ಮಾವನ ಮುಖ ಅರಳುವುದನ್ನು ನೋಡಲೆಂದೇ ಅವಳು ಕೆಲಸಕ್ಕೆ ಹೊರಡುವುದನ್ನು ಅರ್ಧ ಗಂಟೆ ತಡ ಮಾಡಿದಳು. ಸದಾಶಿವಪ್ಪನವರು ಮೇಜಿಗೆ ವಿಭೂತಿ ಹಚ್ಚಿ ಕೂತರು. ಟ್ರ್ಯಾಕ್ಟರ್ ಸರಾಗವಾಗಿ ಹೊರಟಾಗ ಹುಬ್ಬೇರಿಸಿ ಸೊಸೆಯ ಕಡೆ ನೋಡಿ ನಕ್ಕರು. ಊದಿ ಕೊಟ್ಟದ್ದು ಮೂರು ದಿನ ತಡವಾಗಿಯಾದರೂ ಕೆಲಸ ಮಾಡಿತು ನೋಡು, ನಿನ್ನ ಮಣಿಕಂಠ ಗಟ್ಟಿಗ ಎಂದು ಹೊಗಳಿದರು. ಒಂದು ಸುತ್ತು ಉತ್ತು, ಮೇವು ತುಂಬಿಕೊಂಡು ಕೊಟ್ಟಿಗೆಯ ಬಾಗಿಲಿಗೆ ಗಾಡಿ ತಿರುಗಿಸಿದರು. ಅಲ್ಲಿ ಅವರ ಕೈ ನಿಂತಿತು.

ಅವರು ಎಣಿಸಲಿಲ್ಲ. ಎಣಿಸುವ ಅಗತ್ಯವಿರಲಿಲ್ಲ.

"ಯಾರ್ಗೆ ಕೊಟ್ಟೆ ಅವ್ವ?" ಎಂದರು.

ಯಾರಿಗೂ ಅಲ್ಲ ಮಾವ, ಒಂದು ಬಟನ್ ಒತ್ತಿದರೆ ಹೋಗುತ್ತವೆ ಎಂದಳು ಸೌಮ್ಯ.

"ಎಲ್ಗೆ ಓಯ್ತವೆ?"

ಎಲ್ಲಿಗೂ ಹೋಗುವುದಿಲ್ಲ, ಇರುವುದೇ ಇಲ್ಲ ಎಂದು ಹೇಳಬಹುದಿತ್ತು. ಆ ಮುಖ ನೋಡಿಕೊಂಡು ಬಾಯಿ ಬರಲಿಲ್ಲ. ಸದಾಶಿವಪ್ಪನವರು ತುಂಬಿಕೊಂಡು ಬಂದಿದ್ದ ಮೇವನ್ನು ಉಳಿದ ಹಸುಗಳಿಗೆ ಹಾಕಿ ಮುಗಿಸಿ, ಟವೆಲ್ ಹೆಗಲಿಗೆ ಹಾಕಿಕೊಂಡು ತೋಟದ ಕಡೆ ಹೋದರು. ತಿಂಡಿ ತಿನ್ನಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು ಎಂದು ಸೌಮ್ಯಳಿಗೆ ಅನ್ನಿಸಿತು.

ಅವಳು ಕೇಂದ್ರಕ್ಕೆ ರಜೆ ಹೇಳಿ ಅಡುಗೆಮನೆಗೆ ಹೋಗಿ ಅತ್ತೆಯ ಮುಂದೆ ಎಲ್ಲವನ್ನೂ ಒಪ್ಪಿಕೊಂಡಳು. ಆಟದ ಹಸುಗಳಿಗಾಗಿ ದೊಡ್ಡ ಮನುಷ್ಯರು ಊಟ ಬಿಡುತ್ತಾರೆಯೇ ಎಂದು ಪುಟ್ಟಬಸಮ್ಮ ನಗಬಹುದು ಎಂದುಕೊಂಡಿದ್ದಳು. ಪುಟ್ಟಬಸಮ್ಮ ನಗಲಿಲ್ಲ. ಒಲೆ ಸಣ್ಣ ಮಾಡಿ, ಕೈ ಒರೆಸಿಕೊಂಡು ಸೊಸೆಯನ್ನು ಅವಳದೇ ಕೋಣೆಗೆ ಕರೆದುಕೊಂಡು ಬಂದರು.

"ನೀ ಕುಂತ್ಕತೀಯಲ್ಲ, ಆ ಕುರ್ಚಿ ತಾವು ಬೂದ ನಿಂತ್ಕತಿದ್ದ. ಕೆಂದ ಕಿಟಕಿ ತಾವು," ಎಂದರು.

ಬೂದ, ಕೆಂದ ಮನೆಯ ಜೋಡಿ ಎತ್ತುಗಳು, ಈ ಕೋಣೆ ಅವುಗಳ ಕೊಟ್ಟಿಗೆಯಾಗಿತ್ತು. ಮಗನ ಮದುವೆಗೆ ಒಂದು ಕೋಣೆ ಬೇಕಾಯಿತು, ಟ್ರ್ಯಾಕ್ಟರ್ ಬಂದ ಮೇಲೆ ಎತ್ತಿಗೆ ಕೆಲಸವೂ ಇರಲಿಲ್ಲ. ಉದಯ ದಲ್ಲಾಳಿಗೆ ಮಾತಾಡಿದ. ಬೇಡವೆನ್ನಲು ಸದಾಶಿವಪ್ಪನವರ ಹತ್ತಿರ ಕಾರಣವಿರಲಿಲ್ಲ, ಸೊಸೆ ಬರುವ ಮನೆಯಲ್ಲವೇ? ಕಾರ್ತಿಕದ ಆ ದಿನ ಎತ್ತು ಹೊಡೆದುಕೊಂಡು ಹೋಗಲು ಬರುತ್ತಾರೆಂದು ಗೊತ್ತಿದ್ದೂ, ಬೆಳಿಗ್ಗೆಯೇ ಹನೂರಿನಲ್ಲಿ ಯಾರದೋ ಮದುವೆ ಎಂದು ಹೇಳಿ ಹೊರಟುಹೋದರು. ಸಂಜೆ ಬಂದು ಯಾರಿಗೆ ಕೊಟ್ಟೆ ಎಂದು ಮಗನನ್ನು ಕೇಳಿದರು. ಮಗನಿಗೆ ಗೊತ್ತಿರಲಿಲ್ಲ. ದಲ್ಲಾಳಿಯನ್ನು ಕೇಳಿದರೆ ಅವನು ಕೈ ಬೀಸಿ, ಮಾರ್ಟಳ್ಳಿ ಕಡೆಯವರು ಯಾರೋ ಎಂದ.

"ಆಮ್ಯಾಕೆ ಮೂರು ಸತಿ ಮಾರ್ಟಳ್ಳಿಗೆ ಓಗ್ ಬಂದ್ರು. ನೆಂಟ್ರ ಮನೆ ಅಂತಾರೆ. ಮಾರ್ಟಳ್ಳೀಲಿ ನಮ್ಗ್ಯಾರವ್ವ ನೆಂಟ್ರು? ಒಬ್ರೂ ಇಲ್ಲ."

ಸೌಮ್ಯ ನೆಲ ನೋಡಿದಳು. ಅವಳ ಗಾಲಿಯ ಕುರ್ಚಿ ಬಿಟ್ಟ ಕಡೆ ನಿಲ್ಲದೆ ಯಾವಾಗಲೂ ಹಿಂದಿನ ಮೂಲೆಗೆ ಜಾರಿಕೊಂಡು ಹೋಗುತ್ತಿತ್ತು. ಟೈಲ್ಸ್ ಹಾಕಿದವನ ಕೈಗುಣ ಎಂದು ಅವಳು ಒಂದೂವರೆ ವರ್ಷದಿಂದ ಅವನನ್ನು ಬಯ್ದುಕೊಂಡಿದ್ದಳು. ಕೊಟ್ಟಿಗೆಯ ನೆಲ, ಗಂಜಲ ಹರಿದು ಹೋಗಲೆಂದು ಹಿರಿಯರು ಮಾಡಿದ್ದ ಇಳಿಜಾರು ಅದು. ಉದಯ ಅದರ ಮೇಲೆಯೇ ಟೈಲ್ಸ್ ಹಾಕಿಸಿದ್ದ. ತನಗೆ ಜಾಗ ಮಾಡಿಕೊಟ್ಟು ಹೋದ ಎತ್ತುಗಳ ಜಾಗದಲ್ಲೇ ಕೂತು ನಿನ್ನೆ ಮತ್ತೆ ನೂರಿಪ್ಪತ್ತನ್ನು ಕಳಿಸಿದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು, ಅಳುವೂ ಬಂತು.

ಅತ್ತೆ ಹೋದ ಮೇಲೆ ಕಣ್ಣೊರೆಸಿಕೊಂಡು ಕಂಪ್ಯೂಟರಿನ ಮುಂದೆ ಕೂತಳು. ಅವಳು ಟೀಚರು, ಅಳುವುದಕ್ಕಿಂತ ಹುಡುಕುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು. ಆ ಆಟ ಪ್ರತಿ ದಿನದ ಸ್ಥಿತಿಯನ್ನೂ ಒಂದು ನಕಲು ಮಾಡಿ ಇಪ್ಪತ್ತು ದಿನದವರೆಗೆ ಇಟ್ಟುಕೊಂಡಿರುತ್ತದೆ. ಭಾನುವಾರದ ನಕಲು ಇತ್ತು. ಅದನ್ನು ತೆರೆದಳು. ಕೊಟ್ಟಿಗೆಯ ಪಟ್ಟಿಯಲ್ಲಿ ಗಂಗೆ, ಕಪಿಲೆ, ದೊಡ್ಡಬಸಮ್ಮ, ಎಲ್ಲರೂ ಬಂದರು. ಆ ನೂರ ಅರವತ್ತಮೂರು ಹೆಸರುಗಳನ್ನೂ ಮೇಲಿಂದ ಕೆಳಗೆ ಓದಿದಳು. ಬೂದ ಎಂಬ ಹೆಸರಾಗಲಿ ಕೆಂದ ಎಂಬ ಹೆಸರಾಗಲಿ ಒಂದಕ್ಕೂ ಇಟ್ಟಿರಲಿಲ್ಲ.

ಮಧ್ಯಾಹ್ನ ಸದಾಶಿವಪ್ಪನವರು ತೋಟದಿಂದ ಬಂದು ಕಾಲು ತೊಳೆ­ದಾಗ, ಸೌಮ್ಯ ಹೊಸಿಲಲ್ಲಿ ನಿಂತು ಮಾವ ಒಂದು ಸಲ ಬನ್ನಿ ಎಂದಳು. ಅವರು ಬಂದು ನಿಂತುಕೊಂಡೇ ನೋಡಿದರು. ಕೊಟ್ಟಿಗೆಯಲ್ಲಿ ಹಸುಗಳು ಇಕ್ಕಟ್ಟಾಗಿ ನಿಂತಿದ್ದವು. ಆಟ ಮೊದಲಿನಂತೆ ತೆವಳುತ್ತಿತ್ತು. ಒಂದು ಹಸು ಕತ್ತು ಈ ಕಡೆ ತಿರುಗಿಸಲು ಶುರುಮಾಡಿ ನಿಧಾನವಾಗಿ, ನಡುನಡುವೆ ನಿಂತು, ಕೊನೆಗೂ ತಿರುಗಿಸಿ ಮುಗಿಸಿತು. ಅದು ಮುಗಿಯುವ ತನಕ ಅವರು ಕಾದರು. ಆಮೇಲೆ ಕೂತರು.

ತಪ್ಪಾಯಿತು ಮಾವ ಎಂದಳು ಸೌಮ್ಯ. ಅದಿರಲಿ, ಹೋದವನ್ನು ಹೇಗೆ ತಂದೆ ಎಂದು ಅವರು ಕೇಳಿದರು. ಅವಳು ನಕಲಿನ ವಿಷಯ ಹೇಳಿದಳು. ನಡುವೆ ಸೋಮವಾರ ಬಂದದ್ದರಿಂದ, ಇವತ್ತು ಬೆಳಿಗ್ಗೆಯ ಒಂದು ಸುತ್ತು ಬಿಟ್ಟರೆ ಉತ್ತ ಕೆಲಸವೂ ನಷ್ಟವಾಗಿಲ್ಲ ಎಂದಳು. ಸೋಮವಾರ ಹೂಡಬಾರದು ಎಂದು ಹಿರಿಯರು ಸುಮ್ಮನೆ ಹೇಳಿದ್ದಾರೆಯೇ ಎಂದು ಸದಾಶಿವಪ್ಪನವರು ಗೆದ್ದವರಂತೆ ತಲೆ ಆಡಿಸಿದರು. ಮೇವಿನ ಗಾಡಿಯನ್ನು ಒಂದೊಂದೇ ಮಾರು ಮುಂದಕ್ಕೆ ತಂದರು. ಹಸುಗಳಿಗೆ ಹಾಕಿದರು. ಪರದೆಯಿಂದ ಕಣ್ಣು ತೆಗೆಯದೆ, ಬೇರೇನೋ ಕೇಳುವವರಂತೆ ಕೇಳಿದರು.

"ಸೌಮ್ಯವ್ವ, ನಿಮ್ ಮದ್ವೆಗಿಂತ ಮುಂಚ್ಲ ಕಾರ್ತಿಕದ್ದು ಏನಾರ ಸಿಕ್ಕದಾ?"

ಇಪ್ಪತ್ತು ದಿನಕ್ಕಿಂತ ಹಿಂದಿನದು ಇರುವುದಿಲ್ಲ ಮಾವ, ಅಲ್ಲದೆ ಆಗ ಈ ಆಟವೇ ಎಂದು ಹೇಳಲು ಬಾಯಿ ತೆರೆದವಳು, ಅರ್ಧಕ್ಕೇ ನಿಲ್ಲಿಸಿದಳು. ಅವರು ಕೇಳುತ್ತಿದ್ದುದು ಆಟದ್ದಲ್ಲ.

"ಇಲ್ಲ ಮಾವ," ಎಂದಳು.

"ಊಂ. ಸಿಕ್ಕಲ್ಲ ಬುಡು," ಎಂದು ಅವರು ಗಾಡಿಯನ್ನು ಹಿಂದಕ್ಕೆ ತೆಗೆದರು.

ಸೌಮ್ಯ ಫೋನ್ ಹಿಡಿದುಕೊಂಡು ಅಂಗಳಕ್ಕೆ ಬಂದಳು. ಮಣಿಕಂಠನಿಗೆ, ಕಾರ್ಡು ಬೇಡ, ಇದೇ ಬೋರ್ಡಿಗೆ ಕೂರುವ ಒಳ್ಳೆಯ ಪ್ರೊಸೆಸರ್ ತರಿಸು ಎಂದಳು. ಕಾರ್ಡಿಗೆ ಆಗಲೇ ಹೇಳಿಬಿಟ್ಟಿದ್ದೇನಲ್ಲ ಸೌಮ್ಯಕ್ಕ ಎಂದು ಅವನು ಗೊಣಗಿ, ಆಮೇಲೆ ವ್ಯಾಪಾರಕ್ಕೆ ಬಂದ. ಪ್ರೊಸೆಸರಿನಲ್ಲಿ ನಾಲ್ಕಾರು ಥರ ಇವೆ, ಎಷ್ಟು ಹಸುಗಳ ಹೊರೆ ಹೊರಬೇಕು ಹೇಳಿದರೆ ಅಷ್ಟಕ್ಕೆ ತಕ್ಕದ್ದು ನೋಡುತ್ತೇನೆ ಎಂದ.

"ನೂರ ಅರವತ್ತೈದು," ಎಂದಳು ಸೌಮ್ಯ.

ಅವನು ಅಂಗಡಿಯಲ್ಲಿ ಪಟ್ಟಿ ಪೂರ್ತಿ ನೋಡಿದವನು. ಇರುವುದು ನೂರ ಅರವತ್ತಮೂರು ಅಲ್ಲವೇ ಎಂದು ಕೇಳಿದ.

"ಹೌದು. ಇನ್ನೆರಡಕ್ಕೆ ಜಾಗ ಇರಲಿ."